ಲೇಔಟಿನ ಪಾರ್ಕ್ ಜಾಗ ಉಳಿಸಿಕೊಂಡವರು ಇದ್ದೀರಾ? ಅನುಭವ ಹೇಳಿ

ಕೇಳಿದವರು: ಪುರಸಭೆ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಾನು ಪುರಸಭೆಗೆ ಇದೇ ಮೊದಲ ಸಲ ಗೆದ್ದು ಬಂದವಳು. ನನ್ನ ವಾರ್ಡಿನ ಹಳೇ ಲೇಔಟಿನಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗ ಇದೆ. ಬೇಲಿ ಇಲ್ಲ, ಬೋರ್ಡ್ ಇಲ್ಲ. ನಾಲ್ಕಾರು ಹೊಂಗೆ ಮರ, ಸಂಜೆ ಹುಡುಗರ ಕ್ರಿಕೆಟ್, ಅಷ್ಟೇ. ಈಗ ಅಲ್ಲಿ ಸಮುದಾಯ ಭವನ ಕಟ್ಟಬೇಕು ಅಂತ ಒಂದು ಗುಂಪು, ಮೂಲೆಯಲ್ಲಿ ಗುಡಿ ಬೇಕು ಅಂತ ಇನ್ನೊಂದು ಗುಂಪು. ಎರಡೂ ಕಡೆಯವರು ನನಗೆ ಓಟು ಹಾಕಿದವರೇ. ಬೇಡ ಅಂದರೆ ಕೆಟ್ಟವಳಾಗುತ್ತೇನೆ, ಸುಮ್ಮನಿದ್ದರೆ ಜಾಗ ಹೋಗುತ್ತದೆ. ಇಂಥದ್ದನ್ನು ಎದುರಿಸಿದವರು ಏನು ಮಾಡಿದಿರಿ?

ಮಾಜಿ ನಗರಸಭೆ ಸದಸ್ಯ

ಮೇಡಂ, ಯಾರ ಜೊತೆಗೂ ಈಗಲೇ ವಾದಕ್ಕೆ ಇಳಿಯಬೇಡಿ. ಮೊದಲು ಆ ಜಾಗ ಯಾರದ್ದು ಅಂತ ನೋಡಿ. ನಗಬೇಡಿ, ಎಷ್ಟೋ ಊರಲ್ಲಿ ಪಾರ್ಕ್ ಅಂತ ಎಲ್ಲರೂ ಕರೆಯುವ ಜಾಗ ಪುರಸಭೆ ಹೆಸರಲ್ಲಿ ಇರುವುದೇ ಇಲ್ಲ. ಲೇಔಟ್ ಮಾಡಿದವರು ನಕ್ಷೆಯಲ್ಲಿ ಪಾರ್ಕ್ ಅಂತ ಹಸಿರು ಬಣ್ಣ ಹಚ್ಚಿ ಮಂಜೂರಾತಿ ತಗೊಂಡಿರುತ್ತಾರೆ, ಆದರೆ ರಸ್ತೆ, ಪಾರ್ಕ್, ಸಿಎ ಸೈಟನ್ನು (ಭವನದಂಥ ನಾಗರಿಕ ಸೌಲಭ್ಯಕ್ಕೆ ಅಂತ ಬಿಡುವ ಜಾಗ) ಬಿಟ್ಟುಕೊಟ್ಟೆವು ಅಂತ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಕೊಡಬೇಕಾದ ಪತ್ರ ಮಾಡಿರುವುದಿಲ್ಲ. ಪಹಣಿ ಹಳೇ ಮಾಲೀಕರ ಹೆಸರಲ್ಲೇ ಮುಂದುವರಿಯುತ್ತದೆ. ಇಪ್ಪತ್ತು ವರ್ಷ ಆದ ಮೇಲೆ ಮಕ್ಕಳು ಮೊಮ್ಮಕ್ಕಳು ಬಂದು ಇದು ನಮ್ಮಪ್ಪನ ಜಮೀನು ಅಂತ ಸೈಟು ಮಾಡಿ ಮಾರುತ್ತಾರೆ. ನಿಮ್ಮ ಎರಡು ಗುಂಪಿಗಿಂತ ನನಗೆ ಜಾಸ್ತಿ ಭಯ ಇವರದ್ದು.

ಹಾಗಾಗಿ ಯೋಜನಾ ಪ್ರಾಧಿಕಾರದಿಂದ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ತಗೊಳ್ಳಿ. ಬಾಯಲ್ಲಿ ಕೇಳಿದರೆ ನೋಡೋಣ ಮೇಡಂ ಅಂತಾರೆ. ಅರ್ಜಿ ಬರೆದು ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಆಗಲೂ ಕೊಡದಿದ್ದರೆ ವಾರ್ಡಿನ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಹಾಕಲಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ಆಮೇಲೆ ಸಾಮಾನ್ಯ ಸಭೆ. ಇಷ್ಟನೇ ಸರ್ವೆ ನಂಬರಿನ ಲೇಔಟಿನ ಪಾರ್ಕ್, ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಹೀಗಿದೆ, ಇದನ್ನು ಅಳತೆ ಮಾಡಿಸಿ ಬೇಲಿ ಹಾಕಬೇಕು ಅಂತ ಅಜೆಂಡಾದಲ್ಲೇ ಸೇರಿಸಿ. ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು ಗಾಳಿಗೆ ಹೋಗುತ್ತದೆ. ನಡವಳಿ ಪುಸ್ತಕಕ್ಕೆ ಬಂದ ಠರಾವು ಉಳಿಯುತ್ತದೆ. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದುವಾಗ ಕಿವಿ ಕೊಟ್ಟು ಕೇಳಿ, ನಮ್ಮಲ್ಲಿ ಒಂದು ಸಲ "ಉದ್ಯಾನವನ" ಅಂತ ಇದ್ದದ್ದು "ಖಾಲಿ ನಿವೇಶನ" ಆಗಿತ್ತು. ಯಾರು ಮಾಡಿದ್ದು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಬಹುಮತ ನಿಮ್ಮ ವಿರುದ್ಧ ಹೋಗಿ ಭವನ ಕಟ್ಟೋಣ ಅಂತ ಠರಾವಾದರೆ ನಿಮ್ಮ ಅಸಮ್ಮತಿ ಬರೆಸಿ. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರ ಪುರಸಭೆ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗೆ ಇದೆ.

ನಿವೃತ್ತ ಕಂದಾಯ ನಿರೀಕ್ಷಕ

ಮೇಲಿನವರು ಹೇಳಿದ್ದು ಸರಿ. ನಾನು ಎರಡೇ ಮಾತು ಸೇರಿಸುತ್ತೇನೆ. ಪುರಸಭೆಯ ಆಸ್ತಿ ರಿಜಿಸ್ಟರಿನಲ್ಲಿ ಈ ಜಾಗ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ, ಪುರಸಭೆ ಹೆಸರಿಗೇ ಇ-ಖಾತೆ ಮಾಡಿಸಿ. ಜನ ತಮ್ಮ ಮನೆಗೆ ಇ-ಖಾತೆ ಬೇಕು ಅಂತ ತಿಂಗಳುಗಟ್ಟಲೆ ಓಡಾಡುತ್ತಾರೆ, ಪುರಸಭೆ ತನ್ನ ಆಸ್ತಿಗೆ ಮಾಡಿಸಿಕೊಳ್ಳುವುದಿಲ್ಲ!

ಇನ್ನೊಂದು, 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಕಾಯ್ದೆ. ಸ್ಥಳೀಯ ಸಂಸ್ಥೆ ತನ್ನ ಪಾರ್ಕು, ಮೈದಾನಗಳ ಪಟ್ಟಿ ಮಾಡಬೇಕು ಅಂತ ಅದರಲ್ಲೇ ಇದೆ. ನಿಮ್ಮ ಮುಖ್ಯಾಧಿಕಾರಿಗೆ ಪತ್ರ ಬರೆದು ಆ ಪಟ್ಟಿ ಕೊಡಿ ಅಂತ ಕೇಳಿ. ಕೊಡಲು ಪಟ್ಟಿಯೇ ಇಲ್ಲ ಅಂತ ಗೊತ್ತಾದರೆ ಅದೇ ನಿಮ್ಮ ಮುಂದಿನ ಅಜೆಂಡಾ.

ಬೆಂಗಳೂರಿನಿಂದ

ನಾವು ಇಲ್ಲಿ ನಿಮ್ಮಂಥ ಒಬ್ಬ ಸದಸ್ಯೆ ಇದ್ದಿದ್ದರೆ ಅಂತ ಕೊರಗಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಪಾರ್ಕಿನ ಬೀಗ ಮುರಿದರೂ ಎಂಜಿನಿಯರ್ ಹಿಂದೆ ನಾವೇ ಓಡಬೇಕಿತ್ತು, ಅವರು ವರ್ಗ ಆದರೆ ಮತ್ತೆ ಮೊದಲಿನಿಂದ.

ನಿಮ್ಮ ಸಹ ಸದಸ್ಯರಿಗೆ ಸದಾಶಿವನಗರದ ಕಥೆ ಹೇಳಿ. ಅಲ್ಲಿ ಪಾರ್ಕಿಗೆ ಅಂತ ಮೀಸಲಿದ್ದ ಜಾಗವನ್ನು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಿದ್ದರು. ಮುಖ್ಯಮಂತ್ರಿ ಮಟ್ಟದಿಂದಲೇ ಬಂದ ಆದೇಶ. ಬಡಾವಣೆಯ ಜನ ಹೈಕೋರ್ಟಿಗೆ ಹೋದರು, ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಜನರ ಪರವೇ ನಿಂತಿತು. ಆಸ್ಪತ್ರೆ ಒಳ್ಳೆಯದೇ ಅಲ್ವಾ ಅನ್ನುವ ವಾದ ಅಲ್ಲಿ ನಡೆಯಲಿಲ್ಲ. ಆಸ್ಪತ್ರೆಗೇ ಆಗದ್ದು ಸಮುದಾಯ ಭವನಕ್ಕೆ ಆಗುತ್ತದೆಯೇ ಅಂತ ಕೇಳಿ ನೋಡಿ.

ಇನ್ನೊಬ್ಬ ಸದಸ್ಯೆ, ಎರಡನೇ ಅವಧಿ

ಅಕ್ಕಾ, ಗುಡಿ ವಿಷಯಕ್ಕೆ ಹುಷಾರಾಗಿರಿ. ಮೊದಲು ಒಂದು ಕಲ್ಲು, ಅರಿಶಿನ ಕುಂಕುಮ, ಹಬ್ಬಕ್ಕೆ ಚಪ್ಪರ, ಆಮೇಲೆ ಚಪ್ಪರದ ಜಾಗಕ್ಕೆ ಶೀಟು. ಶೀಟು ಬಿದ್ದ ಮೇಲೆ ಯಾವ ಅಧಿಕಾರಿಯೂ ಹತ್ತಿರ ಸುಳಿಯುವುದಿಲ್ಲ. ಸಾರ್ವಜನಿಕ ಪಾರ್ಕು, ರಸ್ತೆಗಳಲ್ಲಿ ಅನುಮತಿಯಿಲ್ಲದೆ ಹೊಸದಾಗಿ ಗುಡಿ, ಮಸೀದಿ, ಚರ್ಚು ಯಾವುದೂ ಏಳಬಾರದು ಅಂತ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲೇ ಆದೇಶ ಮಾಡಿದೆ. ನಂಜನಗೂಡಿನಲ್ಲಿ ಗುಡಿ ಕೆಡವಿದ ಗಲಾಟೆ ಆದ ಮೇಲೆ 2021ರಲ್ಲಿ ರಾಜ್ಯ ಸರ್ಕಾರ ತಂದ ಕಾಯ್ದೆ ಅಷ್ಟರೊಳಗೆ ಇದ್ದ ಧಾರ್ಮಿಕ ಕಟ್ಟಡಗಳ ರಕ್ಷಣೆಗೆ, ಹೊಸದಕ್ಕಲ್ಲ. ಇದನ್ನು ನೀವು ಹೇಳಬೇಡಿ, ಮುಖ್ಯಾಧಿಕಾರಿಯಿಂದ ಪತ್ರದಲ್ಲಿ ಹೇಳಿಸಿ. ನೀವು ಹೇಳಿದರೆ ದೇವರಿಗೆ ಅಡ್ಡ ಬಂದವಳು ಅಂತಾರೆ.

ನಾನು ಮಾಡಿದ್ದು ಇಷ್ಟು. ಹಿರಿಯ ಹೆಂಗಸರನ್ನು ಮೊದಲು ಮಾತಾಡಿಸಿದೆ. ಸಂಜೆ ಹೊರಗೆ ಕೂರಲು ಅವರಿಗೆ ಊರಲ್ಲಿ ಬೇರೆ ಎಲ್ಲೂ ಜಾಗ ಇರಲಿಲ್ಲ. ನಾಲ್ಕು ಕಲ್ಲುಬೆಂಚು, ಒಂದು ದೀಪ, ನಲ್ಲಿ ಹಾಕಿಸಿದೆ. ದಿನಾ ಜನ ಕೂರುವ ಜಾಗವನ್ನು ಮುಟ್ಟುವುದು ಕಷ್ಟ, ಕಸ ಬೀಳುವ ಜಾಗವನ್ನು ಮುಟ್ಟುವುದು ಸುಲಭ. ಕೋಟಿಯ ಪ್ರಾಜೆಕ್ಟ್ ಬರಲಿ ಅಂತ ಕಾಯಬೇಡಿ. ಮತ್ತೆ ದಯವಿಟ್ಟು ನೆಲಕ್ಕೆಲ್ಲ ಟೈಲ್ಸ್ ಹಾಕಿಸಬೇಡಿ, ಗುತ್ತಿಗೆದಾರರಿಗೆ ಬಿಟ್ಟರೆ ಹೊಂಗೆ ಬುಡಕ್ಕೂ ಕಾಂಕ್ರೀಟ್ ಸುರಿಯುತ್ತಾರೆ.

ಹಾಗೇ ನಿಮ್ಮ ವಾರ್ಡಿನ ಗ್ರಂಥಾಲಯವನ್ನೂ ಒಮ್ಮೆ ನೋಡಿ. ಆಸ್ತಿ ತೆರಿಗೆ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ವಸೂಲಿ ಮಾಡುತ್ತೇವೆ. ಅದು ಗ್ರಂಥಾಲಯಕ್ಕೆ ಸೇರಬೇಕಾದ ಹಣ. ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದಿರಿ ಅಂತ ಸಭೆಯಲ್ಲಿ ಕೇಳಿದರೆ ಅಕೌಂಟೆಂಟ್ ಮುಖ ನೋಡಬೇಕು ನೀವು.

ಟೈಲರ್ ಅಂಗಡಿಯವನು

ಎಲ್ಲರೂ ಭವನ ಬೇಡ ಅಂತಿದ್ದೀರಿ. ನಮ್ಮಂಥವರು ಮಗಳ ನಿಶ್ಚಿತಾರ್ಥಕ್ಕೆ ಛತ್ರದ ಬಾಡಿಗೆ ಎಲ್ಲಿಂದ ತರೋದು? ಕೇಳುವವರೆಲ್ಲ ಕಬಳಿಸುವವರಲ್ಲ ಸ್ವಾಮಿ.

ಮಾಜಿ ನಗರಸಭೆ ಸದಸ್ಯ

ಒಪ್ಪಿದೆ ಅಣ್ಣ. ಅದಕ್ಕೇ ಸಿಎ ಸೈಟ್ ಅಂತ ಬೇರೆ ಬಿಡಿಸಿರುತ್ತಾರೆ. ಮೇಡಂ, ಅದೇ ನಕ್ಷೆಯಲ್ಲಿ ಅದನ್ನೂ ಹುಡುಕಿ. ಭವನ ಬೇಡ ಅನ್ನುವ ಬದಲು ಭವನ ಅಲ್ಲಿ ಅನ್ನಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಕ್ಷೆ ಸಿಕ್ಕಿತು. ಪಾರ್ಕ್ ಅಂತಲೇ ಇದೆ, ಬಿಟ್ಟುಕೊಟ್ಟ ಪತ್ರವೂ ನೋಂದಣಿ ಆಗಿದೆ, ಆಸ್ತಿ ರಿಜಿಸ್ಟರಿನಲ್ಲಿ ಮಾತ್ರ ಇಲ್ಲ. ಬರುವ ಸಭೆಯ ಅಜೆಂಡಾಕ್ಕೆ ಬರೆದು ಕೊಟ್ಟಿದ್ದೇನೆ. ಸಿಎ ಸೈಟೂ ಇದೆ, ಎರಡು ಬೀದಿ ಆಚೆ. ಆದರೆ ಅದರಲ್ಲಿ ಈಗ ಒಬ್ಬರ ಮರದ ಡಿಪೋ ನಡೀತಿದೆ, ಅವರು ನಮ್ಮ ಪಕ್ಷದವರೇ. ಅಂಥದ್ದನ್ನು ಬಿಡಿಸಿದವರು ಯಾರಾದರೂ ಇದ್ದೀರಾ?