ಕುದಿಯೋ ಟೊಮೆಟೊ ಮಿಕ್ಸಿಗೆ ಹಾಕ್ಬೇಡ ಪುಟ್ಟಿ

ಪುಟ್ಟಿ, ನಾನು ತಿಪಟೂರು ದೊಡ್ಡಮ್ಮ. ಕನ್ನಡಕ ಎಲ್ಲಿಟ್ಟೆನೋ ಸಿಗ್ತಿಲ್ಲ, ಅದಕ್ಕೆ ಟೈಪ್ ಮಾಡದೆ ಮಾತಾಡ್ತಿದೀನಿ. ಉದ್ದ ಆದ್ರೂ ಪೂರ್ತಿ ಕೇಳು ತಾಯಿ, ಅರ್ಧಕ್ಕೆ ನಿಲ್ಲಿಸ್ಬೇಡ.

ನೀನು ಬೆಳಿಗ್ಗೆ ಹಾಕಿದ್ದನ್ನ ನಿಮ್ಮ ದೊಡ್ಡಪ್ಪ ಓದಿ ಹೇಳಿದ್ರು. ಮಹಡಿ ಮೇಲಿನ ಕುಂಡದ ಟೊಮೆಟೊ ಕಿತ್ತು ಸೂಪ್ ಮಾಡಿದೀಯ, ಹಾಲು ಹಾಕಿದ ತಕ್ಷಣ ಒಡೆದು ಚೂರು ಚೂರಾಯ್ತು, ನೋಡೋಷ್ಟರಲ್ಲಿ ಮಗು ಅರ್ಧ ಬಟ್ಲು ಕುಡಿದಿತ್ತು, ಹೊಟ್ಟೆಗೆ ಏನಾದ್ರೂ ಆಗತ್ತಾ, ಎಲ್ಲಿ ತಪ್ಪಾಯ್ತು ಅಂತ ಕೇಳಿದೀಯ. ಹೇಳ್ತೀನಿ, ಅದಕ್ಕೆ ಬರ್ತೀನಿ. ಆದ್ರೆ ಆ ಫೋಟೊ ಹಾಕಿದೀಯಲ್ಲ, ಅದ್ರಲ್ಲಿ ಎಲ್ಲರೂ ಒಡೆದ ಸೂಪ್ ನೋಡಿದ್ರು, ನಾನು ಪಕ್ಕದಲ್ಲಿದ್ದ ಮಿಕ್ಸಿ ಜಾರ್ ನೋಡ್ದೆ. ಮುಚ್ಚಳದ ಒಳಗಡೆ ಪೂರ್ತಿ ಹಬೆ ಹನಿ ಕಟ್ಟಿದೆ. ಅಂದ್ರೆ ಒಲೆಯಿಂದ ಇಳಿಸಿದ್ದನ್ನ ಹಂಗೇ ಜಾರಿಗೆ ಸುರಿದಿದೀಯ. ಅದನ್ನ ನೋಡಿ ನನ್ನ ಎದೆ ಧಸಕ್ ಅಂತು. ಕುದಿಯೋ ಟೊಮೆಟೊನ ಮುಚ್ಚಳ ಹಾಕಿ ಮಿಕ್ಸಿ ತಿರುಗಿಸ್ಬೇಡ ಪುಟ್ಟಿ. ಹಾಲು ಒಡೆದ್ರೆ ಒಡೀಲಿ. ಇದನ್ನ ಮಾತ್ರ ಮಾಡ್ಬೇಡ.

ನಿಂಗೆ ನೆನಪಿರಲ್ಲ. 2001ನೇ ಇಸವಿ, ಮಾಘ ಮಾಸ, ನಿಮ್ಮ ಸಣ್ಣತ್ತೆ ನಿಶ್ಚಿತಾರ್ಥ. ನೀನಾಗ ನಾಲ್ಕು ವರ್ಷದವಳು, ಅಡಿಗೆಮನೆ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದೆ. ಒಂದು ಕಾಳು ಬುಟ್ಟಿಗೆ, ಒಂದು ಬಾಯಿಗೆ. ಆ ವರ್ಷ ನಮ್ಮ ಹಿತ್ತಲಲ್ಲಿ ಟೊಮೆಟೊ ಹೇಳೋಕಾಗದಷ್ಟು ಬಿಟ್ಟಿತ್ತು. ಬಚ್ಚಲು ನೀರು ಹೋಗೋ ಕಾಲುವೆ ಪಕ್ಕ ತಾನಾಗೇ ಹುಟ್ಟಿದ ಗಿಡಗಳು, ಎಲ್ಲಾ ನಾಟಿ, ಚಪ್ಪಟೆ ಚಪ್ಪಟೆ, ಬೆರಳಲ್ಲಿ ಒತ್ತಿದ್ರೆ ರಸ ಚಿಮ್ಮೋದು. ಗಂಡಿನ ಕಡೆಯವರು ಬೆಂಗಳೂರಿನವರು, ಊಟಕ್ಕೆ ಮುಂಚೆ ಸೂಪ್ ಕೊಡ್ಬೇಕು ಅಂತ ನನಗೇ ಆಸೆ. ಯಾವುದೋ ರಿಸೆಪ್ಷನ್‌ನಲ್ಲಿ ಕುಡಿದಿದ್ದೆ, ನಮ್ಮ ಹಿತ್ತಲ ಹಣ್ಣಲ್ಲಿ ಇನ್ನೂ ಚೆನ್ನಾಗಿ ಬರತ್ತೆ ಅಂತ ಒಂದು ಹಟ.

ಹತ್ತಿರ ಹತ್ತಿರ ಐದು ಕೆಜಿ ಬೇಯಿಸಿದ್ದೆ. ಹೊತ್ತು ಮೀರಿತ್ತು, ಅವರ ಕಾರು ಬಂತು ಅಂತ ಯಾರೋ ಕೂಗಿದ್ರು. ಆರೋಕೆ ಬಿಡದೆ ದೊಡ್ಡ ಜಾರಿಗೆ ಮುಕ್ಕಾಲು ಮಟ್ಟ ಸುರಿದೆ, ಮುಚ್ಚಳ ಒತ್ತಿ ಹಿಡಿದು ಗುಂಡಿನ ನೇರ ಮೂರಕ್ಕೆ ತಿರುಗಿಸಿದೆ. ಒಂದೇ ಕ್ಷಣ ಪುಟ್ಟಿ. ಢಬ್ ಅಂತು. ಮುಚ್ಚಳ ನನ್ನ ಕೈ ಕಿತ್ತುಕೊಂಡು ಸೂರಿಗೆ ಹೋಗಿ ಬಡೀತು. ಆಮೇಲೆ ಅಳಿಯಂದಿರು ಬಿಡಿಸಿ ಹೇಳಿದ್ರು, ಕುದಿಯೋದನ್ನ ಹಂಗೆ ಕಲಕಿದ್ರೆ ಒಂದೇ ಸಲ ಹಬೆ ಏಳತ್ತೆ, ಜಾರಿನ ಮೇಲ್ಗಡೆ ಇರೋ ಗಾಳಿನೂ ಬಿಸಿಯಾಗಿ ಉಬ್ಬತ್ತೆ, ಹೋಗೋಕೆ ದಾರಿ ಇಲ್ಲದೆ ಮುಚ್ಚಳ ಎಗರತ್ತೆ ಅಂತ. ಆಗ ನನಗೆ ಅದೆಲ್ಲ ಎಲ್ಲಿ ಗೊತ್ತು.

ನೀರು ಬಿದ್ದಿದ್ರೆ ಹರಿದು ಹೋಗಿರೋದು. ಟೊಮೆಟೊ ತಿರುಳು ಹರಿಯಲ್ಲ, ಅಂಟ್ಕೊಳ್ಳತ್ತೆ, ಅಂಟಿದ ಕಡೆ ಸುಡ್ತಾನೇ ಇರತ್ತೆ. ನಿಶ್ಚಿತಾರ್ಥ ಅಂತ ಕೈ ತುಂಬ ಹಸಿರು ಗಾಜಿನ ಬಳೆ ಹಾಕಿದ್ದೆ. ಆ ತಿರುಳು ಬಳೆಗೂ ಚರ್ಮಕ್ಕೂ ಮಧ್ಯೆ ಸಿಕ್ಕಿಕೊಳ್ತು. ತೆಗೆಯೋಣ ಅಂದ್ರೆ ಕೈ ಊದ್ತಾ ಇದೆ, ಬಳೆ ಮಣಿಕಟ್ಟು ದಾಟಲ್ಲ. ಕೊನೆಗೆ ನಿಮ್ಮಜ್ಜಿ ಕಲ್ಲುಗುಂಡು ತಗೊಂಡು ಒಂದೊಂದೇ ಬಳೆ ಒಡೆದ್ರು. ಶುಭಕಾರ್ಯದ ಮನೇಲಿ ಮುತ್ತೈದೆ ಬಳೆ ಒಡೀಬೇಕಾಯ್ತಲ್ಲ ಅಂತ ಅವರು ಅಳ್ತಾ ಅಳ್ತಾ ಒಡೆದ್ರು. ಈಗ್ಲೂ ನನ್ನ ಬಲಗೈ ನೋಡು, ಬಳೆ ಇರೋ ಜಾಗದಲ್ಲಿ ಎರಡು ಬಿಳೀ ಗೆರೆ ಇದೆ. ನೀನು ಚಿಕ್ಕವಳಿದ್ದಾಗ ಅದನ್ನ ಮುಟ್ಟಿ ಇದೇನು ದೊಡ್ಡಮ್ಮ ಅಂತ ಕೇಳ್ತಿದ್ದೆ.

ನಿಮ್ಮಮ್ಮ ಪಾಪ, ಓಡಿ ಹೋಗಿ ಟೂತ್‌ಪೇಸ್ಟ್ ತಂದು ಮೆತ್ತಿದ್ಲು. ತಂಪಾಗತ್ತೆ ಅಂತ ಆಗ ಎಲ್ಲರೂ ಮಾಡೋದೇ ಅದು, ಅವಳ ತಪ್ಪಲ್ಲ. ಆದ್ರೆ ಡಾಕ್ಟರ್ ಹತ್ರ ಹೋದಾಗ ಆ ಒಣಗಿದ ಪೇಸ್ಟ್ ಬಿಡಿಸೋಕೇ ಅರ್ಧ ಗಂಟೆ ಹಿಡೀತು, ಸುಟ್ಟಾಗಿನ ನೋವಿಗಿಂತ ಆ ನೋವು ಹೆಚ್ಚಿತ್ತು. ಅವರು ಹೇಳಿದ್ದು ಇಷ್ಟೇ, ಬಳೆ ಉಂಗುರ ತಕ್ಷಣ ತೆಗೆದು, ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡೀಬೇಕಿತ್ತು. ಅರಿಶಿನ ಬೇಡ, ಪೇಸ್ಟ್ ಬೇಡ, ಐಸ್ ಕೂಡ ಬೇಡ, ಬರೀ ತಣ್ಣೀರು. ಗ್ರೂಪಲ್ಲಿ ಇರೋ ಎಲ್ಲಾ ಹೆಣ್ಮಕ್ಳೂ ಇದನ್ನ ನೆನಪಿಟ್ಕೊಳ್ಳಿ. ಗಂಡಸರೂ ಅಷ್ಟೇ, ಈಗ ನೀವೂ ಅಡಿಗೆ ಮಾಡ್ತೀರಲ್ಲ.

ನನ್ನ ಕೈ ಬಿಡು. ನೀನು ಹೊಸ್ತಿಲ ಮೇಲೆ ಕೂತಿದ್ದೆ ಅಂದೆನಲ್ಲ, ನಿನ್ನ ಬುಟ್ಟಿ ಅವರೆಕಾಳಿನ ಮೇಲೆ ಕೆಂಪು ತಿರುಳು ಬಿದ್ದಿತ್ತು. ನಿನ್ನ ಕಾಲ ಬೆರಳಿಂದ ಒಂದು ಗೇಣು ದೂರ. ನೀನು ಎದ್ದು ದೊಡ್ಡಮ್ಮ ಅಂತ ನನ್ನ ಹತ್ರ ಬಂದಿದ್ರೆ ನಿನ್ನ ಮುಖ ಅಷ್ಟೇ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ರಾತ್ರಿ ಎದ್ದು ಕೂತ್ಕೋತೀನಿ. ಇವತ್ತು ನಿನ್ನ ಫೋಟೊ ಮೂಲೇಲಿ ಮಗು ಕೈ ಕಾಣ್ತಿದೆ, ಕಟ್ಟೆ ಹಿಡ್ಕೊಂಡು ನಿಂತಿದೆ, ಮಿಕ್ಸಿ ಪಕ್ಕದಲ್ಲೇ. ಅದಕ್ಕೇ ಇಷ್ಟು ಹೇಳ್ತಿರೋದು. ಬಿಸಿ ಟೊಮೆಟೊ ಮಿಕ್ಸಿಗೆ ಹಾಕ್ಬೇಡ. ಎಷ್ಟೇ ಅವಸರ ಇರ್ಲಿ, ಯಾರೇ ಬಂದು ಬಾಗಿಲಲ್ಲಿ ನಿಂತಿರ್ಲಿ, ಆರೋವರೆಗೂ ಹಾಕ್ಬೇಡ.

ಅವತ್ತು ಇನ್ನೊಂದು ಮನಸ್ಸಿಗೆ ಚುಚ್ಚಿದ್ದು ಏನು ಗೊತ್ತಾ. ನಿಶ್ಚಿತಾರ್ಥಕ್ಕೆ ಅಂತ ಹೊಸದಾಗಿ ಸುಣ್ಣ ಹೊಡೆಸಿದ್ರು. ದೊಡ್ಡವರು ಒಳಗೆ ಬಂದವರು ಮೊದಲು ಸೂರು ನೋಡಿದ್ರು. ಅಯ್ಯೋ ಸುಣ್ಣ ಹಾಳಾಯ್ತಲ್ಲ ಅಂದ್ರು. ಆಮೇಲೆ, ಸೂಪ್ ಇಲ್ವಾ ಹಂಗಾದ್ರೆ, ಮಜ್ಜಿಗೆ ಕೊಡಿ ಅಂದ್ರು. ನಾನು ಹಿತ್ತಲ ಬಾಗಿಲಲ್ಲಿ ಕೈ ಮೇಲೆತ್ತಿ ಹಿಡ್ಕೊಂಡು ಕೂತಿದ್ದೆ. ನಿಮ್ಮಜ್ಜಿ, ನಿಮ್ಮಮ್ಮ ಇಬ್ಬರೇ ಹತ್ರ ಬಂದಿದ್ದು. ಯಾರನ್ನೂ ಬಯ್ತಿಲ್ಲ, ಹೋದವರ ಬಗ್ಗೆ ಮಾತಾಡಬಾರದು. ಆದ್ರೆ ನೋವಾಗಿತ್ತು, ಹೇಳ್ದೆ.

ಆ ಹಿತ್ತಲಾದ್ರೂ ಉಳೀತಾ. ಮೈಸೂರು ಚಿಕ್ಕಪ್ಪ ಗ್ರೂಪಲ್ಲಿದಾರೆ, ಕೇಳಿಸ್ಕೊಳ್ಳಲಿ, ಅವರ ಎದುರಿಗೂ ಇದೇ ಹೇಳಿದೀನಿ. ಕಾರು ನಿಲ್ಲಿಸೋಕೆ ಅಂತ ಪೂರ್ತಿ ಕಾಂಕ್ರೀಟ್ ಹಾಕಿಸಿದ್ರಿ. ವರ್ಷಕ್ಕೆ ಎರಡು ಸಲ ಬರೋ ಕಾರಿಗೆ. ಕರಿಬೇವಿನ ಗಿಡ ನಾನು ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು, ಅದನ್ನೂ ಬಿಡಲಿಲ್ಲ. ಸುತ್ತ ಒಂದು ಮೊಳ ಮಣ್ಣು ಬಿಡಿ ಅಂತ ಕೇಳಿದ್ದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸೀಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟ್ತಲ್ಲ, ಆಗ ಫೋನ್ ಮಾಡಿ, ಅತ್ತಿಗೆ ನಿಮ್ಮ ಹಿತ್ತಲ ಟೊಮೆಟೊ ಇದ್ದಿದ್ರೆ ಅಂದ್ರಿ. ಇದ್ದಿದ್ರೆ! ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ ಅವತ್ತು. ಪುಟ್ಟಿ ಬಾಡಿಗೆ ಮನೆ ಮಹಡೀಲಿ ಪೇಂಟ್ ಡಬ್ಬದಲ್ಲಿ ಬೆಳೀತಿದಾಳೆ, ನಮಗೆ ಅಷ್ಟು ಮಣ್ಣಿದ್ದೂ ಮುಚ್ಚಿಬಿಟ್ವಿ.

ಇರು, ಕುಕ್ಕರ್ ಕೂಗ್ತು. ಹಾಂ, ಆರಿಸಿದೆ.

ಅಯ್ಯೋ, ಮಗು ವಿಷಯ ಹೇಳೇ ಇಲ್ಲ ನೋಡು! ಮಗುಗೆ ಏನೂ ಆಗಲ್ಲ ಪುಟ್ಟಿ, ಗಾಬರಿ ಬೇಡ. ಹಾಲು ಕೆಟ್ಟು ಒಡೆದಿದ್ದಲ್ಲ ಅದು, ಹುಳಿಗೆ ಒಡೆದಿದ್ದು. ನಿಂಬೆಹಣ್ಣು ಹಿಂಡಿ ಪನೀರ್ ಮಾಡ್ತೀವಲ್ಲ, ಅದೇ. ನೀನು ಹಾಕಿದ್ದು ಬೆಳಗಿನ ಹೊಸ ಹಾಲು ತಾನೇ, ಹಂಗಿದ್ರೆ ಯೋಚನೆ ಇಲ್ಲ. ನೋಡೋಕೆ ಚೆನ್ನಾಗಿರಲ್ಲ ಅಷ್ಟೇ.

ನಿನ್ನ ಹಣ್ಣು ನಾಟಿ, ಹುಳಿ ಜಾಸ್ತಿ. ಸೂಪ್ ಕುದೀತಿರುವಾಗ ಹಾಲು ಸುರಿದ್ರೆ ಒಡೆದೇ ಒಡೆಯತ್ತೆ, ಹುಳಿನೂ ಬಿಸಿನೂ ಸೇರಿದ್ರೆ ಹಾಲು ತಡೆಯಲ್ಲ. ಸಕ್ಕರೆ ಹಾಕಿದ್ದೆ ಅಂತ ಬರೆದಿದೀಯ. ಸಕ್ಕರೆ ಹಾಕಿದ್ರೆ ನಮ್ಮ ನಾಲಿಗೆಗೆ ಹುಳಿ ಕಮ್ಮಿ ಅನ್ಸತ್ತೆ, ಹಾಲಿಗೆ ಅನ್ಸಲ್ಲ, ಹುಳಿ ಅಲ್ಲೇ ಇರತ್ತೆ. ಚಿಟಿಕೆ ಸೋಡಾ ಹಾಕೋರೂ ಇದಾರೆ, ನನಗೆ ಸೇರಲ್ಲ, ಟೊಮೆಟೊ ರುಚಿನೇ ಹೊರಟುಹೋಗತ್ತೆ. ಹಾಲೇ ಬಿಟ್ಟುಬಿಡು. ಕೆನೆ ಬೇಕೇ ಬೇಕು ಅಂದ್ರೆ ಒಲೆ ಆರಿಸಿ, ಬಟ್ಲಿಗೆ ಬಡಿಸಿದ ಮೇಲೆ ಒಂದು ಚಮಚ ಮೇಲೆ ಹಾಕು, ಆಮೇಲೆ ಮತ್ತೆ ಕುದಿಸ್ಬೇಡ.

ಮಂದ ಬರೋಕೆ ಹಾಲೇ ಬೇಕಿಲ್ಲ. ಎಂಟು ಟೊಮೆಟೊಗೆ ಒಂದು ಕ್ಯಾರೆಟ್, ಸಣ್ಣ ಆಲೂಗಡ್ಡೆ ಅರ್ಧ, ಬಣ್ಣಕ್ಕೆ ಬೆರಳು ಗಾತ್ರದ ಬೀಟ್‌ರೂಟ್ ಚೂರು, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ. ಕೊತ್ತಂಬರಿ ಸೊಪ್ಪಿನ ಕಾಂಡ ಎಸೀಬೇಡ, ಅದನ್ನೂ ಹಾಕು, ಘಮ ಇರೋದೇ ಅದ್ರಲ್ಲಿ. ಒಂದು ಲೋಟ ನೀರು, ಎರಡು ಕೂಗು ಸಾಕು. ಕುಕ್ಕರ್ ತಾನಾಗೇ ಇಳೀಲಿ. ಆಮೇಲೆ, ಗಮನ ಕೊಟ್ಟು ಕೇಳು, ತರಕಾರಿನ ಬಸಿದು ಅಗಲದ ತಟ್ಟೇಲಿ ಹರಡಿ ಫ್ಯಾನ್ ಕೆಳಗಿಡು. ಬೆರಳು ಅದ್ದಿದ್ರೆ ಬೆಚ್ಚಗೆ ಅನ್ನಿಸ್ಬೇಕು, ಅಷ್ಟು ಆರ್ಬೇಕು. ಬಸಿದ ನೀರು ಬೇರೆ ಇಟ್ಕೋ. ಜಾರಿಗೆ ಅರ್ಧಕ್ಕಿಂತ ಕಮ್ಮಿ ಹಾಕಿ, ಮೊದಲು ಒಂದರಲ್ಲಿ ತಿರುಗಿಸು. ಅಷ್ಟು ಕಾಯೋ ಹೊತ್ತಿಲ್ಲ ಅಂದ್ರೆ ಮಿಕ್ಸಿನೇ ಬೇಡ, ಮಸ್ಸೊಪ್ಪು ಕಡೆಯೋ ಕಡಗೋಲಲ್ಲಿ ಪಾತ್ರೇಲೇ ಕಡೆದು ಜರಡಿ ಹಿಡಿ. ಸಿಪ್ಪೆ ಬೀಜ ಮೇಲೆ ಉಳೀತಾವೆ, ಸೌಟಿನ ಹಿಂಭಾಗದಲ್ಲಿ ಒತ್ತಿ ಒತ್ತಿ ರಸ ಇಳಿಸು. ಬಸಿದ ನೀರು ಸೇರಿಸಿ ಸ್ಟೀಲ್ ಪಾತ್ರೇಲಿ ಕುದಿಸು, ಅಲ್ಯೂಮಿನಿಯಂ ಬೇಡ, ಹುಳಿಗೆ ಆಗಲ್ಲ ಅದು. ಉಪ್ಪು, ಕಾಳುಮೆಣಸು ಆಗಷ್ಟೇ ಕುಟ್ಟಿದ್ದು, ಮೇಲೆ ಅರ್ಧ ಚಮಚ ಬೆಣ್ಣೆ. ಮಗುಗೆ ಕೊಡೋದಾದ್ರೆ ಮೆಣಸು ಕಮ್ಮಿ.

ಇವತ್ತು ಒಡೆದಿದ್ದನ್ನ ಚೆಲ್ಬೇಡ. ಸಣ್ಣ ಜರಡೀಲಿ ಸೋಸು, ಮೇಲೆ ನಿಂತಿದ್ದನ್ನ ಚಪಾತಿ ಹಿಟ್ಟಿಗೆ ಹಾಕಿ ಕಲಸು, ಮೆತ್ತಗೆ ಬರತ್ತೆ. ಕೆಳಗಿನ ರಸ ರಾತ್ರಿ ಸಾರಿಗೆ ಆಗತ್ತೆ, ಒಂದು ಒಗ್ಗರಣೆ ಕೊಟ್ರೆ ಸಾಕು. ಇನ್ನೂ ಗಿಡದಲ್ಲಿ ಹಣ್ಣಿದೆ ಅಂದ್ಯಲ್ಲ, ಮುಂದಿನ ಸಲ ಬೇಯಿಸಿದಾಗ ತಟ್ಟೇಲಿ ಆರೋಕೆ ಹಾಕಿದ್ದು ನನಗೊಂದು ಫೋಟೊ ಕಳಿಸು. ಮಗು ಕಟ್ಟೆ ಹತ್ರ ಇರಬಾರದು, ಫೋಟೋಲೂ.