ಲ್ಯಾಟ್ರಂಕ್ಯುಲಿನ್ ಕೊಟ್ಟರೆ ಅಮೈಲೇಸ್ ಸ್ರಾವ ಕುಸಿಯುತ್ತಿದೆ: ಆಕ್ಟಿನ್ ಬರೀ ಅಡ್ಡಗೋಡೆ ಅಲ್ಲವೇ?

ಕೋಶಜಾಲ: ಇಲಿಯ ಮೇದೋಜೀರಕ ಗ್ರಂಥಿಯಿಂದ ಕೊಲಾಜಿನೇಸ್ ಹಾಕಿ ಬಿಡಿಸಿದ ಏಸಿನೈ (ಜೀರ್ಣಕಿಣ್ವ ಸ್ರವಿಸುವ ಕೋಶಗುಚ್ಛ) ಮೇಲೆ ಕೆಲಸ ಮಾಡುತ್ತಿದ್ದೇನೆ. 100 ಪಿಕೋಮೋಲಾರ್ ಸಿಸಿಕೆ (ಸ್ರಾವ ಪ್ರಚೋದಿಸುವ ಹಾರ್ಮೋನ್ ಕೊಲೆಸಿಸ್ಟೊಕೈನಿನ್) ಕೊಟ್ಟರೆ ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ಚೆನ್ನಾಗಿ ಹೊರಬರುತ್ತದೆ. ಮೊದಲು 10 ಮೈಕ್ರೋಮೋಲಾರ್ ಲ್ಯಾಟ್ರಂಕ್ಯುಲಿನ್-ಬಿ (ಆಕ್ಟಿನ್ ಎಳೆಗಳನ್ನು ಬಿಡಿಸುವ ರಾಸಾಯನಿಕ) ಕೊಟ್ಟು ಆಮೇಲೆ ಸಿಸಿಕೆ ಕೊಟ್ಟರೆ ಅರ್ಧಕ್ಕೂ ಕಡಿಮೆ. ತುದಿಪೊರೆಯ (ಸ್ರಾವ ಹೊರಬೀಳುವ ಕಡೆಯ ಕೋಶಪೊರೆ) ಕೆಳಗಿನ ಆಕ್ಟಿನ್ ಪ್ರೋಟೀನ್ ಎಳೆಗಳ ಬಲೆ ಕರಗಿದರೆ ಅಮೈಲೇಸ್ ತುಂಬಿದ ಕಣಗಳಿಗೆ ದಾರಿ ಸಲೀಸಾಗಬೇಕಲ್ಲ? ಡಿಎಂಎಸ್‌ಒ (ಲ್ಯಾಟ್ರಂಕ್ಯುಲಿನ್ ಕರಗಿಸುವ ದ್ರಾವಕ) ಕಂಟ್ರೋಲ್ ಸರಿಯಾಗಿಯೇ ಇದೆ.

ಹಳೇಪಿಪೆಟ್: ನಿಮ್ಮ ಫಲಿತಾಂಶ ಸಹಜವಾದದ್ದೇ. ಆ ಬಲೆ ಅಡ್ಡಗೋಡೆ ಹೌದು, ಆದರೆ ಅಷ್ಟೇ ಅಲ್ಲ. ಕಣ ಪೊರೆಯೊಂದಿಗೆ ಬೆಸೆದ ಮೇಲೆ ಅದರ ಸುತ್ತ ಹೊಸ ಆಕ್ಟಿನ್ ಕವಚ ಕಟ್ಟಿಕೊಳ್ಳುತ್ತದೆ. ಬೆಸೆದ ಪೊರೆ ಕುಸಿಯದೆ ನಿಲ್ಲುವುದಕ್ಕೂ ಒಳಗಿನದು ಹೊರಬರುವುದಕ್ಕೂ ಅದು ಬೇಕು. 1995ರಲ್ಲೇ ಬೀಟಾ-ಥೈಮೋಸಿನ್ (ಬಿಡಿ ಆಕ್ಟಿನ್ ಹಿಡಿದಿಡುವ ಪ್ರೋಟೀನ್) ಬಳಸಿ ಇದನ್ನು ತೋರಿಸಿದ್ದಾರೆ: ಆಕ್ಟಿನ್ ಸ್ವಲ್ಪ ಬಿಡಿಸಿದರೆ ಸ್ರಾವ ಶುರುವಾಗುತ್ತದೆ, ವಿಪರೀತ ಬಿಡಿಸಿದರೆ ನಿಂತೇ ಹೋಗುತ್ತದೆ. ನೀವಿರುವುದು ಎರಡನೇ ಕಡೆ ಅನಿಸುತ್ತದೆ. ಪ್ರಮಾಣ ಇಳಿಸಿ ನೋಡಿ, ಮುಖ್ಯವಾಗಿ ಸಿಸಿಕೆ ಇಲ್ಲದ ತಳಮಟ್ಟದ ಸ್ರಾವವನ್ನೂ ಅಳೆಯಿರಿ.

ಕೋಶಜಾಲ: ಹಾಗಾದರೆ ಸಿಸಿಕೆಯ ಸಂಕೇತವೇ ಕೆಟ್ಟಿದೆಯೋ, ಕಣ ಹೊರಬರುವ ಬಾಗಿಲಲ್ಲಿ ತೊಂದರೆಯೋ ಎಂದು ಬೇರ್ಪಡಿಸುವುದು ಹೇಗೆ?

ಕ್ಯಾಲ್ಸಿಯಂಪ್ರಿಯ: ಇದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡುವ ಐಪಿ3 ರಿಸೆಪ್ಟರ್‌ಗಳು ತುದಿಭಾಗದಲ್ಲಿ ಆಕ್ಟಿನ್‌ಗೆ ಕಟ್ಟಿಕೊಂಡಿರುತ್ತವೆ. ಎಳೆ ಕಿತ್ತರೆ ಅಲ್ಲೇ ಹುಟ್ಟಬೇಕಾದ ಸಣ್ಣ ಕ್ಯಾಲ್ಸಿಯಂ ಏರಿಕೆಗಳೂ ಹದಗೆಡುತ್ತವೆ. ಹಾಗಾಗಿ ಕ್ಯಾಲ್ಸಿಯಂ ತೋರಿಸುವ ಬಣ್ಣ ಫ್ಯೂರಾ-2 ತುಂಬಿ ಒಮ್ಮೆ ನೋಡಿ. ಜೊತೆಗೆ ಇನ್ನೊಂದು ಗುಂಪಿಗೆ ಸಿಸಿಕೆ ಬದಲು ಅಯೋನೊಮೈಸಿನ್ (ಕ್ಯಾಲ್ಸಿಯಂ ನೇರವಾಗಿ ಏರಿಸುವ ರಾಸಾಯನಿಕ) ಕೊಡಿ. ಆಗ ಸ್ರಾವ ಮರಳಿದರೆ ದೋಷ ಮೇಲಿನ ಹಂತದಲ್ಲಿ; ಮರಳದಿದ್ದರೆ ಹೊರಹೊಮ್ಮುವ ಹಂತದಲ್ಲಿ.

ಹಳೇಪಿಪೆಟ್: ಕೋಶದೊಳಗಿನ ಕಿಣ್ವ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಸೋರಿಕೆಯನ್ನೂ ಅಳೆಯಿರಿ. ಕೋಶ ಒಡೆದು ಬಂದ ಅಮೈಲೇಸನ್ನು ಸ್ರಾವವೆಂದು ಎಣಿಸಬಾರದು. ಸಿಸಿಕೆ ಪ್ರಮಾಣ ಮಾತ್ರ ಏರಿಸಲು ಹೋಗಬೇಡಿ: 10 ನ್ಯಾನೋಮೋಲಾರ್ ಹೊತ್ತಿಗೆ ಲ್ಯಾಟ್ರಂಕ್ಯುಲಿನ್ ಇಲ್ಲದೆಯೇ ಸ್ರಾವ ಇಳಿಯುತ್ತದೆ, ತುದಿಯ ಆಕ್ಟಿನ್ ಚದುರುತ್ತದೆ. ಆಮೇಲೆ ಯಾವುದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಕೋಶಜಾಲ: ನೋಡಿದೆ. ಲ್ಯಾಟ್ರಂಕ್ಯುಲಿನ್ ಕಡಿಮೆ ಪ್ರಮಾಣದಲ್ಲಿ ತಳಮಟ್ಟ ತುಸು ಏರಿತು, ಸಿಸಿಕೆ ಪ್ರತಿಕ್ರಿಯೆ ಬಹುತೇಕ ಉಳಿಯಿತು. 10 ಮೈಕ್ರೋಮೋಲಾರ್ ಲ್ಯಾಟ್ರಂಕ್ಯುಲಿನ್ ಇದ್ದಾಗ ಅಯೋನೊಮೈಸಿನ್ ಕೊಟ್ಟರೂ ಸ್ರಾವ ಏಳಲಿಲ್ಲ, ಸೋರಿಕೆಯೂ ಇಲ್ಲ. ಅಂದರೆ ಬಾಗಿಲಲ್ಲೇ ತೊಂದರೆ ಇದೆ! ಆದರೆ ಆಕ್ಟಿನ್ ಎಳೆ ತೋರಿಸುವ ಫ್ಯಾಲೋಯ್ಡಿನ್ ಬಣ್ಣ ಕಂಟ್ರೋಲ್ ಕೋಶಗಳಲ್ಲೂ ಹಿಡಿಯುತ್ತಿಲ್ಲ. ತಣ್ಣನೆಯ ಮೆಥನಾಲ್‌ನಲ್ಲಿ ಫಿಕ್ಸ್ ಮಾಡುತ್ತೇನೆ.

ಕ್ಯಾಲ್ಸಿಯಂಪ್ರಿಯ: ಕಾರಣ ಮೆಥನಾಲೇ. ಫ್ಯಾಲೋಯ್ಡಿನ್ ಅಂಟುವ ಆಕ್ಟಿನ್ ರಚನೆ ಅದರಲ್ಲಿ ಹಾಳಾಗುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಟ್ರೈಟಾನ್‌ನಿಂದ ಪೊರೆ ತೂತು ಮಾಡಿ, ಆಮೇಲೆ ಬಣ್ಣ ಹಾಕಿ. ಮುಂದೆ ಆಕ್ಟಿನ್ ಎಳೆಗಳನ್ನು ಗಟ್ಟಿಗೊಳಿಸುವ ಜಾಸ್ಪ್ಲಾಕಿನೋಲೈಡ್ ಬಳಸುವುದಿದ್ದರೆ ಎಚ್ಚರ: ಅದೂ ಫ್ಯಾಲೋಯ್ಡಿನ್ ಜಾಗಕ್ಕೇ ಅಂಟುತ್ತದೆ, ಎಳೆಗಳು ಹೆಚ್ಚಿದ್ದರೂ ಬಣ್ಣ ಮಂಕಾಗಿ ಕಾಣುತ್ತದೆ.