ಪದಚರ್ಚೆ: ‘ಆಫ್‌ಲೈನ್’ ಅಂದರೆ ಶಾಲೆಗೆ ಬರುವುದೋ, ನೆಟ್ ಇಲ್ಲದ್ದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ರಾಷ್ಟ್ರೀಯ ಶಿಕ್ಷಣ ನೀತಿ 2020ರ 24ನೇ ಅಧ್ಯಾಯ ಆನ್‌ಲೈನ್ ಮತ್ತು ಡಿಜಿಟಲ್ ಶಿಕ್ಷಣದ್ದು. ಅದನ್ನೂ, ಅದೇ ವರ್ಷದ ಜುಲೈನಲ್ಲಿ ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಹೊರಡಿಸಿದ ಡಿಜಿಟಲ್ ಶಿಕ್ಷಣದ ‘ಪ್ರಗ್ಯಾತಾ’ ಮಾರ್ಗಸೂಚಿಯನ್ನೂ ಇಟ್ಟುಕೊಂಡು ಪೋಷಕರಿಗೆ ಎಂಟು ಪುಟದ ಕೈಪಿಡಿ ತಯಾರಾಗುತ್ತಿದೆ. ಓದುವವರಲ್ಲಿ ಹೆಚ್ಚಿನವರು ಏಳನೆಯದೋ ಹತ್ತನೆಯದೋ ಮುಗಿಸಿದವರು. ಮೂರು ಕಡೆ ಪದ ಕೈಕೊಡುತ್ತಿದೆ.

ಮೊದಲನೆಯದು ‘ಆಫ್‌ಲೈನ್’. ಕರಡಿನಲ್ಲಿ ಹೀಗಿದೆ: “ಶನಿವಾರದ ಗಣಿತ ತರಗತಿ ಆಫ್‌ಲೈನ್ ಇರುತ್ತದೆ.” ಇದನ್ನು ಓದಿದ ಒಬ್ಬ ಪೋಷಕರು ಮಗುವನ್ನು ಶಾಲೆಗೆ ಕಳಿಸಬೇಕು ಅಂದರು. ಇನ್ನೊಬ್ಬರು ನೆಟ್ ಇಲ್ಲದಿದ್ದರೂ ಫೋನಿನಲ್ಲಿ ನೋಡಬಹುದು ಅಂದರು. ಬರೆದವರ ಮನಸ್ಸಿನಲ್ಲಿದ್ದದ್ದು ಇವೆರಡೂ ಅಲ್ಲ, ಟಿವಿಯಲ್ಲಿ ಬರುವ ಪಾಠ!

ಎರಡನೆಯದು ‘ಬ್ಲೆಂಡೆಡ್ ಲರ್ನಿಂಗ್’, ಅಂದರೆ ಶಾಲೆಯ ಕಲಿಕೆಗೆ ಆನ್‌ಲೈನ್ ಕಲಿಕೆ ಬೆರೆಸುವುದು. ಮಿಶ್ರ ಕಲಿಕೆ, ಸಂಯೋಜಿತ ಕಲಿಕೆ, ಬೆರೆತ ಕಲಿಕೆ ಮೂರೂ ಕಾಣುತ್ತಿವೆ. ‘ಮಿಶ್ರ ಕಲಿಕೆ’ ಸಾಕಲ್ಲವೇ?

ಮೂರನೆಯದು ಶಾಲಾ ಶಿಕ್ಷಣಕ್ಕೆ ನೀತಿ ಹೇಳುವ ನಾಲ್ಕು ಹಂತಗಳಲ್ಲಿ ಕೊನೆಯದು, ‘ಸೆಕೆಂಡರಿ’. ಮಾಧ್ಯಮಿಕ ಅನ್ನುವುದೋ, ಪ್ರೌಢ ಅನ್ನುವುದೋ?


ಉತ್ತರ 1

> ಬರೆದವರ ಮನಸ್ಸಿನಲ್ಲಿದ್ದದ್ದು ಇವೆರಡೂ ಅಲ್ಲ, ಟಿವಿಯಲ್ಲಿ ಬರುವ ಪಾಠ!

ಬರೆದವರು ಮಾರ್ಗಸೂಚಿಗೆ ನಿಷ್ಠರಾಗಿದ್ದಾರೆ, ಅಷ್ಟೇ. ಪ್ರಗ್ಯಾತಾದಲ್ಲಿ ಡಿಜಿಟಲ್ ಶಿಕ್ಷಣಕ್ಕೆ ಮೂರು ಬಗೆ: ಆನ್‌ಲೈನ್, ಭಾಗಶಃ ಆನ್‌ಲೈನ್, ಆಫ್‌ಲೈನ್. ಟಿವಿ, ರೇಡಿಯೊ ಮುಖ್ಯವಾಗಿರುವುದು ಮೂರನೆಯದು. ಅಲ್ಲಿ ‘ಲೈನ್’ ಅಂದರೆ ಅಂತರ್ಜಾಲ, ಅದಿಲ್ಲದೆ ನಡೆಯುವುದೆಲ್ಲ ಆಫ್‌ಲೈನ್.

ಆ್ಯಪ್‌ಗಳಲ್ಲಿ ಆಫ್‌ಲೈನ್ ಅಂದರೆ ಬೇರೆ. ಪಾಠವನ್ನು ಮೊದಲೇ ಇಳಿಸಿಟ್ಟುಕೊಂಡು, ಆಮೇಲೆ ನೆಟ್ ಇಲ್ಲದಾಗಲೂ ತೆರೆಯುವುದು.

ಇನ್ನೊಂದು ಅರ್ಥ ಜನರ ಬಾಯಲ್ಲೇ ಹುಟ್ಟಿದ್ದು. 2020ರಲ್ಲಿ ಶಾಲೆ ಮುಚ್ಚಿ ‘ಆನ್‌ಲೈನ್ ಕ್ಲಾಸ್’ ಶುರುವಾದ ಮೇಲೆ, ಅಲ್ಲಿಯತನಕ ಬರೀ ‘ಕ್ಲಾಸ್’ ಆಗಿದ್ದದ್ದಕ್ಕೂ ಒಂದು ಗುರುತಿನ ಹೆಸರು ಬೇಕಾಯಿತು, ‘ಆಫ್‌ಲೈನ್ ಕ್ಲಾಸ್’ ಬಂತು. ಮೊಬೈಲ್ ಬಂದ ಮೇಲೆ ಮನೆಯ ಫೋನು ‘ಲ್ಯಾಂಡ್‌ಲೈನ್’ ಆಯಿತಲ್ಲ, ಹಾಗೆ. ಪತ್ರಿಕೆಗಳು ಇದನ್ನೇ ‘ಭೌತಿಕ ತರಗತಿ’ ಎಂದು ಬರೆದವು. ಕೈಪಿಡಿಗೆ ಅದನ್ನು ತರಬೇಡಿ. ಹೈಸ್ಕೂಲ್ ಮಕ್ಕಳಿರುವ ಮನೆಯಲ್ಲಿ ಅದು ಭೌತಶಾಸ್ತ್ರದ ತರಗತಿ ಆಗಿಬಿಡುತ್ತದೆ.

ಪೋಷಕರಿಗೆ ತಿಳಿಯಬೇಕಾದದ್ದು ಮೂರು ಸಂಗತಿ. ಮಗು ಎಲ್ಲಿರಬೇಕು? ಪಾಠ ಮಾಡುವವರು ಅದೇ ಹೊತ್ತಿಗೆ ಮಾತಿಗೆ ಸಿಗುತ್ತಾರೋ ಇಲ್ಲವೋ? ನೆಟ್ ಯಾವಾಗ ಬೇಕು? ‘ಆಫ್‌ಲೈನ್’ ಒಂದೇ ಈ ಮೂರನ್ನೂ ಹೊರಲಾರದು. ಟಿವಿ ಪಾಠಕ್ಕೆ ಮನೆ ಸಾಕು, ಹೊತ್ತು ಗೊತ್ತುಮಾಡಿದ್ದು, ನೆಟ್ ಬೇಡ, ಆದರೆ ಗೊತ್ತಾಗದ್ದನ್ನು ಅಲ್ಲೇ ಕೇಳುವ ಹಾಗಿಲ್ಲ. ವಿಡಿಯೊ ಕರೆಯ ತರಗತಿಯಲ್ಲಿ ಕೇಳಬಹುದು, ಆದರೆ ಮುಗಿಯುವ ತನಕ ನೆಟ್ ಕಡಿಯಬಾರದು. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಿಂದ ಇಳಿಸಿಕೊಂಡ ಪಾಠಕ್ಕೆ ಹೊತ್ತು ನಮ್ಮಿಷ್ಟ, ನೆಟ್ ಇಳಿಸುವಾಗ ಮಾತ್ರ.

ಆದ್ದರಿಂದ ‘ಆಫ್‌ಲೈನ್’ ಅನ್ನು ಪೂರ್ತಿ ಬಿಟ್ಟು, ಶಾಲೆಯ ತರಗತಿ, ಆನ್‌ಲೈನ್ ತರಗತಿ, ಇಳಿಸಿಕೊಂಡ ಪಾಠ, ಟಿವಿ ಪಾಠ ಎಂದು ನಾಲ್ಕು ಹೆಸರು ಇಟ್ಟುಕೊಳ್ಳಿ. ‘ನೇರ ತರಗತಿ’ಯೂ ಬೇಡ. ‘ನೇರ ಪ್ರಸಾರ’ ಕೇಳಿದ ಕಿವಿಗೆ ಅದು ಆನ್‌ಲೈನ್, ‘ನೇರ ಭೇಟಿ’ ಕೇಳಿದ ಕಿವಿಗೆ ಎದುರಾಬದುರು.

‘ಇಳಿಸಿಕೊಂಡ ಪಾಠ’ದ ಕೆಳಗೆ ಎರಡು ಸಾಲಿನ ಸೂಚನೆ ಬೇಕೇ ಬೇಕು. ದೀಕ್ಷಾದಲ್ಲಿ ಇಳಿಸಿದ್ದು ಆ ಆ್ಯಪ್ ಒಳಗೇ ಇರುತ್ತದೆ, ಫೋನಿನ ಗ್ಯಾಲರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ‘ಇಳಿಸಿದೆ, ಕಾಣೆಯಾಯಿತು’ ಎಂಬ ದೂರು ಬರುವುದು ಇದರಿಂದಲೇ. ಎರಡನೆಯದಾಗಿ, ಯೂಟ್ಯೂಬ್‌ಗೆ ಕೊಂಡಿ ಕೊಟ್ಟಿರುವ ವಿಡಿಯೊಗೆ ನೋಡುವಾಗಲೂ ನೆಟ್ ಬೇಕು. ಅದನ್ನು ಇಳಿಸಿಕೊಂಡ ಪಾಠದ ಪಟ್ಟಿಗೆ ಸೇರಿಸಿದರೆ ನೆಟ್ ಇಲ್ಲದ ಮನೆಯ ಮಗು ಖಾಲಿ ಪರದೆ ನೋಡುತ್ತ ಕೂರುತ್ತದೆ.

ಪಠ್ಯಪುಸ್ತಕದ ಕ್ಯುಆರ್ ಕೋಡ್ ಬಗ್ಗೆ ಬರೆಯುವಾಗಲೂ ಒಂದು ಎಚ್ಚರ. ಸ್ಕ್ಯಾನ್ ಆಗದಿದ್ದರೆ ಅದರ ಕೆಳಗೆ ಅಚ್ಚಾದ ಸಂಕೇತವನ್ನು ದೀಕ್ಷಾದಲ್ಲಿ ಟೈಪ್ ಮಾಡಬಹುದು. ಅದನ್ನು ‘6 ಅಕ್ಷರದ ಸಂಕೇತ’ ಅನ್ನಬೇಡಿ. ಕನ್ನಡದಲ್ಲಿ ‘ಕ್ಷಾ’ ಕೂಡ ಒಂದೇ ಅಕ್ಷರ. ‘ಇಂಗ್ಲಿಷ್ ಅಕ್ಷರ, ಅಂಕಿ ಸೇರಿ ಒಟ್ಟು 6’ ಅಂದರೆ ಗೊಂದಲವಿಲ್ಲ.


ಉತ್ತರ 2

ಮೇಲಿನ ನಾಲ್ಕು ಹೆಸರು ಚೆನ್ನಾಗಿವೆ, ಒಂದು ತಕರಾರು ಬಿಟ್ಟರೆ. ‘ತರಗತಿ’ ಪದಕ್ಕೆ ಈಗಾಗಲೇ ಎರಡು ಕೆಲಸ: ಆರನೇ ತರಗತಿಯೂ ತರಗತಿ, ಹತ್ತು ಗಂಟೆಗೆ ನಡೆಯುವುದೂ ತರಗತಿ. ಕೇಂದ್ರ ಸರ್ಕಾರದ ಡಿಜಿಟಲ್ ಶಿಕ್ಷಣ ಕಾರ್ಯಕ್ರಮ ಪಿಎಂ ಇ-ವಿದ್ಯಾದ ‘ಒಂದು ತರಗತಿ, ಒಂದು ಚಾನೆಲ್’ ಯೋಜನೆಯಲ್ಲಿ ತರಗತಿ ಅಂದರೆ ಮೊದಲನೆಯ ಅರ್ಥ. 1ರಿಂದ 12ರ ತನಕ ಒಂದೊಂದಕ್ಕೆ ಒಂದರಂತೆ 12 ಚಾನೆಲ್ ಅಂತ ಶುರುವಾಗಿ, 2022ರ ಬಜೆಟ್‌ನಲ್ಲಿ 200ಕ್ಕೆ ಏರಿಸುವ ಘೋಷಣೆ ಬಂತು. ಇದನ್ನು ವಿವರಿಸುವಾಗ ‘ಆರನೇ ತರಗತಿಯ ತರಗತಿ’ ಎಂದು ಬರೆಯುವ ಪಾಡು ಬರುತ್ತದೆ. ತರಗತಿಯನ್ನು ಒಂದನೆಯದು, ಎರಡನೆಯದು ಎನ್ನುವುದಕ್ಕೇ ಮೀಸಲಿಟ್ಟು, ನಡೆಯುವುದಕ್ಕೆಲ್ಲ ‘ಪಾಠ’ ಅನ್ನಿ. ಶಾಲೆಯ ಪಾಠ, ಆನ್‌ಲೈನ್ ಪಾಠ, ಇಳಿಸಿಕೊಂಡ ಪಾಠ, ಟಿವಿ ಪಾಠ.

‘ಸೆಷನ್’ಗೂ ಇದೇ ಮದ್ದು. ಆನ್‌ಲೈನ್ ಪಾಠಕ್ಕೆ ಪ್ರಗ್ಯಾತಾ ಹಾಕಿದ ಮಿತಿ 1ರಿಂದ 8ಕ್ಕೆ ದಿನಕ್ಕೆ ಎರಡು ಸೆಷನ್, 9ರಿಂದ 12ಕ್ಕೆ ನಾಲ್ಕು, ಒಂದೊಂದೂ 30ರಿಂದ 45 ನಿಮಿಷ. ಇದನ್ನು ‘ಅವಧಿ’ ಮಾಡಿ “ಆನ್‌ಲೈನ್ ಅವಧಿ 30–45 ನಿಮಿಷ” ಎಂದರೆ ಇಡೀ ದಿನಕ್ಕೆ ಅಷ್ಟೇ ಎಂದಾಗುತ್ತದೆ. ‘ಅಧಿವೇಶನ’ ಅಂತೂ ವಿಧಾನಸಭೆಯ ಸೊತ್ತು. 1ರಿಂದ 8ಕ್ಕೆ ಹೀಗೆ ಬರೆಯಿರಿ: “ದಿನಕ್ಕೆ ಹೆಚ್ಚೆಂದರೆ 2 ಆನ್‌ಲೈನ್ ಪಾಠ. ಒಂದೊಂದೂ 30ರಿಂದ 45 ನಿಮಿಷ. ಎರಡೂ ಸೇರಿ ಒಂದೂವರೆ ಗಂಟೆ ಮೀರಬಾರದು.” ಮೂರು ಸಾಲು ಆಯಿತು, ಆಗಲಿ.

> ‘ಮಿಶ್ರ ಕಲಿಕೆ’ ಸಾಕಲ್ಲವೇ?

ನಿಘಂಟಿಗೆ ಸಾಕು. ಮಿಶ್ರ ಭಿನ್ನರಾಶಿ, ಮಿಶ್ರ ವಾಕ್ಯ ಓದಿದವರಿಗೆ ಪದ ಹೊಸದೂ ಅಲ್ಲ. ಉಳಿದವುಗಳಿಗಿಂತ ವಾಸಿ. ‘ಬೆರಕೆ’ ಅಂದಕೂಡಲೇ ಕಲಬೆರಕೆಯ ವಾಸನೆ, ‘ಸಮ್ಮಿಶ್ರ’ ಅಂದರೆ ಸರ್ಕಾರ ನೆನಪಾಗುತ್ತದೆ, ‘ಸಂಯೋಜಿತ’ ಏನನ್ನೂ ನೆನಪಿಸುವುದಿಲ್ಲ.

ಆದರೆ ಪೋಷಕರಿಗೆ ಮಿಶ್ರ ಕಲಿಕೆಯೂ ಸಾಲದು. ನೀತಿಯ 24ನೇ ಅಧ್ಯಾಯದಲ್ಲಿ ಈ ಮಾತು ಬರುವುದೇ, ಎದುರಾಬದುರು ಕೂತು ಕಲಿಯುವುದರ ಮಹತ್ವವನ್ನು ಒಪ್ಪಿಕೊಂಡ ಮೇಲೆ. ಬೇರೆ ಬೇರೆ ವಿಷಯಗಳಿಗೆ ಬೇರೆ ಬೇರೆ ಮಾದರಿ ಗುರುತಿಸಬೇಕು ಎಂದೂ ಅಲ್ಲೇ ಇದೆ. ಮಾದರಿ ಯಾವುದೆಂದು ಹೇಳದೆ ಮಿಶ್ರ ಎಂದರೆ ಹೇಳಿದಂತಾಗಲಿಲ್ಲ. ಇಲ್ಲಿ ನಾಮಪದಕ್ಕಿಂತ ಕನ್ನಡದ ಎರಡು ಸಣ್ಣ ಪದಗಳು ಹೆಚ್ಚು ಕೆಲಸ ಮಾಡುತ್ತವೆ: ‘ಜೊತೆಗೆ’, ‘ಬದಲಿಗೆ’. “ವಾರಕ್ಕೆ 6 ಗಣಿತ ಪಾಠ ಶಾಲೆಯಲ್ಲಿ, ಅದರ ಜೊತೆಗೆ 1 ಆನ್‌ಲೈನ್” ಒಂದು ಮಾದರಿ. “6ರಲ್ಲಿ 1 ಶಾಲೆಯ ಪಾಠದ ಬದಲಿಗೆ ಆನ್‌ಲೈನ್” ಇನ್ನೊಂದು. ಎರಡನ್ನೂ ಮಿಶ್ರ ಕಲಿಕೆ ಎಂದೇ ಕರೆಯಬಹುದು. ಆದರೆ ಮೊದಲನೆಯದರಲ್ಲಿ ಫೋನ್ ಇಲ್ಲದ ಮಗುವಿಗೆ ಒಂದು ಹೆಚ್ಚುವರಿ ತಪ್ಪುತ್ತದೆ, ಎರಡನೆಯದರಲ್ಲಿ ಪಾಠವೇ ತಪ್ಪುತ್ತದೆ. ಮಗುವಿಗೆ ಸಿಗುವುದೇನು ಎಂಬುದನ್ನು ‘ಬ್ಲೆಂಡೆಡ್’ ಮುಚ್ಚಿಡುತ್ತದೆ, ‘ಬದಲಿಗೆ’ ಮುಚ್ಚಿಡಲಾರದು. ಶೀರ್ಷಿಕೆಗೆ ‘ಮಿಶ್ರ ಕಲಿಕೆ’ ಇಟ್ಟುಕೊಳ್ಳಿ, ಒಳಗಿನ ಪ್ರತಿ ವಾಕ್ಯದಲ್ಲೂ ಇವೆರಡರಲ್ಲಿ ಒಂದು ಇರಲಿ.

‘ದೂರ ಶಿಕ್ಷಣ’ವನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಅದು ಮುಕ್ತ ವಿಶ್ವವಿದ್ಯಾನಿಲಯದವರದ್ದು. ಅದಕ್ಕಿಂತ ಹಳೆಯ ‘ಅಂಚೆ ತೆರಪಿನ ಶಿಕ್ಷಣ’ ಎಷ್ಟು ಸೊಗಸಾಗಿತ್ತು! ತೆರಪು ಅಂದರೆ ಎಡೆ, ಬಿಡುವು. ಇಳಿಸಿಕೊಂಡ ಪಾಠಕ್ಕೆ ‘ತೆರಪಿನ ಪಾಠ’ ಎನ್ನುವ ಆಸೆ ಇದೆ, ಆದರೆ ಕೈಪಿಡಿ ಆಸೆ ತೀರಿಸಿಕೊಳ್ಳುವ ಜಾಗವಲ್ಲ.


ಉತ್ತರ 3

ಸೆಕೆಂಡರಿ ಬಗ್ಗೆ ಮಾತ್ರ. ಎರಡೂ ಪದ ಬೇಡ.

‘ಮಾಧ್ಯಮಿಕ ಶಾಲೆ’ ನಮ್ಮಲ್ಲಿ ಮಿಡ್ಲ್ ಸ್ಕೂಲಿಗೆ ಇದ್ದ ಹೆಸರು. ಹಿಂದಿಯಲ್ಲಿ ಅದೇ ಪದ ಸೆಕೆಂಡರಿಗೆ ಸಲ್ಲುತ್ತದೆ. ಆ ದಾರಿಯಲ್ಲಿ 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಬಂದು ಅದು ಪ್ರೌಢಶಾಲೆಯ ಯೋಜನೆಯಾಯಿತು. ಒಂದೇ ಪದ ಎರಡು ಮೆಟ್ಟಿಲ ಮೇಲೆ ನಿಂತಿದೆ. ಸಾಲದ್ದಕ್ಕೆ ‘ಕನ್ನಡ ಮಾಧ್ಯಮ’ ಪಕ್ಕದಲ್ಲೇ ಇದೆ.

‘ಪ್ರೌಢ’ದ ತೊಂದರೆ ಲೆಕ್ಕದ್ದು. ಕರ್ನಾಟಕದ ಪೋಷಕರಿಗೆ ಪ್ರೌಢಶಾಲೆ ಅಂದರೆ 8ರಿಂದ 10. ನೀತಿಯ ಕೊನೆಯ ಹಂತ 9ರಿಂದ 12. ಎಂಟನೆಯದು ನೀತಿಯಲ್ಲಿ ಮೂರನೇ ಹಂತಕ್ಕೆ ಹೋಗುತ್ತದೆ, ಪಿಯುಸಿಯ ಎರಡು ವರ್ಷ ನಾಲ್ಕನೇ ಹಂತದ ಒಳಗೆ ಬರುತ್ತವೆ. ಯಾವ ಹೆಸರಿಟ್ಟರೂ ಗಡಿ ಕೂಡುವುದಿಲ್ಲ. ಹೆಸರಿನ ಬದಲು ಅಂಕಿಯನ್ನೇ ಹೆಸರು ಮಾಡಿ: ‘9–12ರ ಹಂತ’. ಉಳಿದವೂ ಹಾಗೆಯೇ: ‘3 ವರ್ಷದಿಂದ 2ನೇ ತರಗತಿ’, ‘3–5’, ‘6–8’. ಮೊದಲನೆಯದಕ್ಕೆ ಮಾತ್ರ ‘ಬುನಾದಿ ಹಂತ’ ಸೇರಿಸಬಹುದು, ಅದು ಚೆನ್ನಾಗಿ ಬೇರೂರಿದೆ.

ಈ ನಾಲ್ಕು ಹಂತಗಳ ವರ್ಷಗಳನ್ನು 5+3+3+4 ಎಂದು ಬರೆಯುವಾಗ ಒಟ್ಟು 15 ಎಂದಷ್ಟೇ ಬಿಟ್ಟರೆ ಶಾಲೆಗೆ ಮೂರು ವರ್ಷ ಹೊಸದಾಗಿ ಸೇರಿತು ಎಂದು ಓದುತ್ತಾರೆ. ಮೊದಲ 5ರಲ್ಲಿ 3 ವರ್ಷ ಒಂದನೇ ತರಗತಿಗೆ ಮುಂಚಿನ ಅಂಗನವಾಡಿ ಅಥವಾ ಎಲ್‌ಕೆಜಿ, ಯುಕೆಜಿಯ ಕಾಲ ಎಂದು ಅಲ್ಲೇ ಬರೆಯಿರಿ.

ಒಂದು ಅಡ್ಡಮಾತು. ‘ಪ್ರಗ್ಯಾತಾ’ವನ್ನು ತಿದ್ದಿ ‘ಪ್ರಜ್ಞಾತ’ ಮಾಡಬೇಡಿ. ಅದು ಎಂಟು ಇಂಗ್ಲಿಷ್ ಪದಗಳ ಮೊದಲಕ್ಷರ ಪೋಣಿಸಿದ ಹೆಸರು, ನಡುವಿನ ‘ವೈ’ಗೆ ಹರಟೆ ಎಂಬರ್ಥದ ‘ಯ್ಯಾಕ್’ ತಂದು ಕೂರಿಸಿದ್ದಾರೆ! ದೀಕ್ಷಾ, ಮಕ್ಕಳ ಓದು-ಲೆಕ್ಕದ ಯೋಜನೆ ನಿಪುಣ್ ಕೂಡ ಇದೇ ಬಳಗ. ದೀಕ್ಷಾ ‘ದೀಕ್ಷೆ’ ಆದರೆ ಪೋಷಕರು ಮಠದ ಕಡೆ ನೋಡುತ್ತಾರೆ.


ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆ. ‘ಪಾಠ’ದ ಸೂತ್ರ ಪೂರ್ತಿ ಒಪ್ಪಿಗೆ, ‘9–12ರ ಹಂತ’ವೂ. ಶನಿವಾರದ ಸಾಲು ಈಗ ಹೀಗಿದೆ:

“ಶನಿವಾರ ಬೆಳಿಗ್ಗೆ 10 ಗಂಟೆಗೆ ಆರನೇ ತರಗತಿಯ ಗಣಿತ ಪಾಠ ಟಿವಿಯಲ್ಲಿ ಬರುತ್ತದೆ. ಇದು ಶಾಲೆಯ ಪಾಠದ ಜೊತೆಗೆ, ಅದರ ಬದಲಿಗೆ ಅಲ್ಲ. ನೆಟ್ ಬೇಡ. ಶಾಲೆಗೆ ಬರಬೇಕಿಲ್ಲ. ಗೊತ್ತಾಗದ್ದನ್ನು ಬರೆದಿಟ್ಟುಕೊಂಡು ಸೋಮವಾರ ಮೇಷ್ಟ್ರನ್ನು ಕೇಳಲಿ.”


ಉತ್ತರ 2 ಬರೆದವರು

“ಶಾಲೆಗೆ ಬರಬೇಕಿಲ್ಲ” ಅಂದರೆ ಶನಿವಾರ ರಜೆ ಎಂದು ಓದುತ್ತಾರೆ. ಶನಿವಾರ ಬೆಳಗಿನ ಶಾಲೆ ಇರುವ ಕಡೆ 10 ಗಂಟೆಗೆ ಮಗು ಶಾಲೆಯಲ್ಲೇ ಇರುತ್ತದೆ, ಟಿವಿ ಮನೆಯಲ್ಲಿರುತ್ತದೆ. ಪದ ಸರಿಯಾಯಿತು, ಈಗ ವೇಳಾಪಟ್ಟಿ ಹಾಕಿದವರನ್ನು ಒಂದು ಮಾತು ಕೇಳಿ.